ಉಪ್ಪಿಲ್ಲದ ಗಂಜಿ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಲೆ ಒಂದು ಗಳಿಗೆ ಹಾಗೆಯೇ ನಿಂತುಬಿಡುತ್ತಿದ್ದರು. ಎಲ್ಲಿ ಕೂಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಬೇರೆಯವರ ಪಡಸಾಲೆಯಲ್ಲಿ ಸೋಫಾ ಇರುವ ಜಾಗದಲ್ಲಿ ನಮ್ಮಲ್ಲಿ ಮಗ್ಗ ಇತ್ತು. ಕಿಟಕಿಯ ಬೆಳಕೆಲ್ಲ ಅದರದು, ಫ್ಯಾನಿನ ಗಾಳಿಯೂ ಅದರದು. ಟಿ.ವಿ. ಮೂಲೆಗೆ ಸರಿದು, ಅದರ ಒಂದು ಪಕ್ಕ ಮಗ್ಗದ ಕಂಬದ ಹಿಂದೆ ಹೋಗಿತ್ತು. ವಾರ್ತೆ ಓದುವ ಹೆಣ್ಣುಮಗಳ ಎಡಗಿವಿಯನ್ನು ನಾವು ಯಾವತ್ತೂ ಕಂಡವರಲ್ಲ. ಬಂದವರಿಗೆ ಅಪ್ಪ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲ ಬಳಿ ಹಾಕುತ್ತಿದ್ದ. ಚಹಾ ಕುಡಿಯುತ್ತ ಅವರು ಮಗ್ಗದ ಕಡೆ ನೋಡುತ್ತಿದ್ದರು, ಮಗ್ಗದಲ್ಲಿ ಕೂತ ಆಯಿ ಕನ್ನಡಕದ ಮೇಲಿನಿಂದ ಅವರ ಕಡೆ ನೋಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಮನೆ ಇದ್ದದ್ದು ಕುಸನೂರಿನಲ್ಲಿ. ಆಗಿನ್ನೂ ಊರು ಯಾವುದು, ಕಲಬುರಗಿ ಯಾವುದು ಎಂದು ಗೆರೆ ಎಳೆದು ತೋರಿಸಬಹುದಾಗಿತ್ತು. ನಮ್ಮ ಹಿತ್ತಿಲಿನ ಆಚೆ ತೊಗರಿ ಹೊಲ, ಅಂಗಳದಲ್ಲಿ ಒಂದು ಬೇವಿನ ಗಿಡ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಇಷ್ಟು ಸಣ್ಣ ಮನೆಯ ಅತಿ ದೊಡ್ಡ ಕೋಣೆಯನ್ನು ಒಬ್ಬ ಮುದುಕಿಯ ಹವ್ಯಾಸಕ್ಕೆ ಬಿಟ್ಟುಕೊಟ್ಟದ್ದು ಹೇಗೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಬಿಟ್ಟುಕೊಟ್ಟದ್ದಲ್ಲ. ಅದಕ್ಕಾಗಿ ಒಂದು ಜಗಳವೇ ಆಯಿತು, ಮತ್ತು ನಾನು ಬೆಳೆದದ್ದು ಬಹುಪಾಲು ಆ ಜಗಳದ ಒಳಗೆ.

ಆಯಿ ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಕಮಲಾಪುರ ಅವಳ ತವರೂರು ಕೂಡ. ಕೆಲಸದ ಉದ್ದಕ್ಕೂ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಹೋಗುವಾಗ ಬರುವಾಗ ಕೈಯಲ್ಲಿ ಹೆಣಿಕೆಯ ಕಡ್ಡಿ. ದವಾಖಾನೆಯಲ್ಲಿ ಹುಟ್ಟಿದ ಕೂಸುಗಳಿಗೆ ಟೊಪ್ಪಿಗೆ, ಕಾಲುಚೀಲ, ನಮಗೆಲ್ಲ ಸ್ವೆಟರ್. ಕಲಬುರಗಿಯಲ್ಲಿ ಸ್ವೆಟರ್ ಹಾಕಿಕೊಳ್ಳುವ ಚಳಿ ಬರುವುದೇ ಅಪರೂಪ. ನಮ್ಮ ಪೆಟ್ಟಿಗೆಯ ತುಂಬ ಸ್ವೆಟರ್ ಇದ್ದವು. ರಜೆಯಲ್ಲಿ ಒಮ್ಮೆ ನಾನು ಅವಳ ಜೊತೆ ಹೋಗಿದ್ದೆ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಂಡಕ್ಟರ್ ಅವಳ ಸೀಟಿನ ಹತ್ತಿರ ಬಂದು ಕೇಳಿದ:

"ಸಿಸ್ಟರ್‌ಬಾಯಾರ, ಇಂಥ ಬಿಸಲಾಗ ಯಾರಿಗ್ರಿ ಈ ಸ್ವೆಟರ್? ಸೂರ್ಯಾಗೇನ್ರಿ?"

"ಹೌದಪಾ. ಅವಗ ಥಂಡಿ ಆತಂದ್ರ ಮುಂಜಾನಿ ನಿನ್ನ ಬಸ್ಸ್ ಸುರುನೇ ಆಗೂದಿಲ್ಲ. ಟಿಕೇಟ್ ಹರಿ ಮೊದಲ."

ಅವಳು ನಿವೃತ್ತಳಾದ ದಿನ ಹೆಗಲಿಗೆ ಶಾಲು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಅದೇ ಬಸ್ಸಿನಲ್ಲಿ ಬಂದಳು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಕಮಲಾಪುರದಿಂದ ಅವಳ ತಮ್ಮ, ನಾನು ಸಣ್ಣ ಮುತ್ಯಾ ಎಂದು ಕರೆಯುವವನು, ತನ್ನ ತೋಟದ ಕೆಂಪು ಬಾಳೆಯ ಗೊನೆ ಹೊತ್ತುಕೊಂಡು ಬಂದಿದ್ದ. ಊಟಕ್ಕೆ ಕೂತಾಗ ಅವನೇ ಮಾತು ತೆಗೆದ:

"ಅಕ್ಕಾ, ಇನ್ನ ನಿಂದು ಆರಾಮ ನೋಡು. ಸೊಸಿ ಸಾಲಿಗಿ ಹೋಗ್ತಾಳ, ಮನಿ ನೀ ನೋಡ್ಕೊಂಡು ಇರು."

"ಅದೇ ಮತ್ತ," ಎಂದ ಅಪ್ಪ. "ಶಾಂತಾಗೂ ಒಂದೀಟ ಹಗೂರ ಆಗ್ತದ."

ಆಯಿ ತನ್ನ ಹೋಳಿಗೆಯ ಮೇಲೆ ತುಪ್ಪ ಹಾಕಿಕೊಂಡು, ಬೆರಳಿನಿಂದ ಅಂಚಿನವರೆಗೆ ಸವರಿ, ಆಮೇಲೆ ಹೇಳಿದಳು:

"ನಾ ರಿಟೈರ್ ಆಗೀನಿ. ಅಡಿಗಿ ಮನಿಗಿ ಅಪಾಯಿಂಟ್ ಆಗಿಲ್ಲ."

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಅವಳು ಬಗ್ಗಿ ಇನ್ನೊಬ್ಬರ ತಾಟಿಗೆ ಬೇಳೆ ಹಾಕಿದಳು.

ಅವ್ವನ ಕಡೆಯದನ್ನೂ ಹೇಳಬೇಕು. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆ ಇದ್ದದ್ದು ಕಲಬುರಗಿಯ ಇನ್ನೊಂದು ತುದಿಯಲ್ಲಿ, ಶರಣಬಸವೇಶ್ವರ ಗುಡಿಯ ಕಡೆ. ನಸುಕಿನಲ್ಲಿ ಎದ್ದು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದು, ಪಲ್ಲೆ ಮಾಡಿ, ನನ್ನ ಜಡೆ ಹೆಣೆದು, ಡಬ್ಬಿ ಕಟ್ಟಿ, ಒಂದು ಆಟೋ ಇಳಿದು ಇನ್ನೊಂದು ಆಟೋ ಹತ್ತಿ ಹೋಗುತ್ತಿದ್ದಳು. ಸಂಜೆ ಬಂದವಳು ಕಾಲು ತೊಳೆದು ನೇರವಾಗಿ ಒಲೆಯ ಮುಂದೆ. ಅತ್ತೆ ನಿವೃತ್ತಳಾಗುವ ದಿನವನ್ನು ಅವಳು ಎಷ್ಟು ಕಾದಿದ್ದಳೋ ಯಾರಿಗೂ ಹೇಳಿಕೊಂಡಿರಲಿಲ್ಲ. ನಮ್ಮಲ್ಲಿ ಅದೊಂದು ಗುಣ, ಬೇಕಾದದ್ದನ್ನು ಬಾಯಿಬಿಟ್ಟು ಹೇಳದೆ ಪಾತ್ರೆಗಳ ಸದ್ದಿನಲ್ಲಿ ತಿಳಿಸುವುದು. ಆ ಗುಣ ನನಗೂ ಬಂದಿದೆ. ಪಾತ್ರೆಗಳ ಸದ್ದು ಮಾತ್ರ ಬಿಟ್ಟಿದ್ದೇನೆ.

ಕೆಲವು ದಿನಗಳಲ್ಲೇ ಚರಕ ಬಂತು. ಆಮೇಲೆ ಕಮಲಾಪುರದ ಬಡಿಗ ಮಾಡಿಕೊಟ್ಟ ಸಣ್ಣ ಮಗ್ಗ ಟೆಂಪೊದ ಮೇಲೆ ಬಂತು. ಹೆಣಿಕೆ ಅವಳಿಗೆ ಕೈಗೂಡಿದ ವಿದ್ಯೆ. ಅದರ ದಾರ ಮಾತ್ರ ಯಾರೋ ಮಾಡಿದ್ದು. ಒಂದು ಅರಿವೆಯನ್ನು ಹತ್ತಿಯಿಂದ ಹಿಡಿದು ಕೊನೆಯ ಅಂಚಿನವರೆಗೆ ತಾನೇ ಮಾಡಬೇಕೆಂಬುದು ಆಯಿಯ ಆಸೆ. ಊರಿನಲ್ಲಿ ನೂಲುವವರ ಹತ್ತಿರ ಕೂತು ಕಲಿತು ಬಂದಳು. ಹತ್ತಿ ಸಣ್ಣ ಮುತ್ಯಾನ ಹೊಲದ್ದು. ಅದರ ಬೀಜ ಬಿಡಿಸಿ, ಹಿಂಜಿ, ಕಡ್ಡಿಗೆ ಸುತ್ತಿ ಬೆರಳುದ್ದದ ಮೆತ್ತನೆಯ ಹಂಜಿ ಮಾಡಿಕೊಡುವುದು ನನ್ನ ಕೆಲಸವಾಯಿತು. ಯಾರೂ ಹೇಳಿದ್ದಲ್ಲ, ನಾನೇ ಹೋಗಿ ಕೂತೆ. ನಾನು ಮಾತು ಕಡಿಮೆಯ ಹುಡುಗಿ. ಬಂಧುಗಳು ನನ್ನನ್ನು ಮೂಕಿ ಎಂದು ಕರೆಯುತ್ತಿದ್ದರು. ಬಂದವರೆಲ್ಲ ನನ್ನ ಗಲ್ಲ ಹಿಡಿದು ಮಾತಾಡಿಸಿ ಸೋಲುತ್ತಿದ್ದರು. ಆಯಿ ಮಾತಾಡಿಸಲಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟು ಬಂದರೆ ಅವಳು ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡುತ್ತಿದ್ದಳು, ಅಷ್ಟೆ. ಚರಕ ತಿರುಗುವುದು, ಹಂಜಿಯ ತುದಿಯಿಂದ ಎಳೆ ಹೊರಡುವುದು, ಅವಳ ತೋಳು ಹಿಂದಕ್ಕೆ ಹೋಗುವುದು, ಎಳೆ ತುಂಡಾದರೆ ನಾಲಿಗೆಯಲ್ಲಿ ಚ್ಚ್ ಎನ್ನುವುದು. ಇಬ್ಬರು ಒಂದೇ ಕೋಣೆಯಲ್ಲಿ ಮಾತಿಲ್ಲದೆ ಕೂತರೆ ಅದು ಮುನಿಸಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ಒಂದು ದಿನ ಸಣ್ಣ ಮುತ್ಯಾ ಬಂದು ನಮ್ಮಿಬ್ಬರನ್ನೂ ನೋಡಿ ನಿಂತ.

"ಏನಕ್ಕಾ, ಈ ಕೂಸಿನ ಬಾಯಾಗ ಮಾತೇ ಇಲ್ಲಲ್ಲ?"

"ಅಕಿ ಮಾತು ದಾರದಂಗ ಸಣ್ಣಗ ಅದ. ನಿಂದು ಹಗ್ಗ. ನೀ ಚಹಾ ಕುಡದು ಹೋಗು."

ನನ್ನ ಬಗ್ಗೆ ಯಾರಾದರೂ ಹೇಳಿದ ಒಳ್ಳೆಯ ಮಾತುಗಳಲ್ಲಿ ನಾನು ನೆನಪಿಟ್ಟುಕೊಂಡದ್ದು ಅದೊಂದೇ.

ಆ ವರ್ಷ ಬೇಸಿಗೆ ಹತ್ತಿರವಾದಂತೆ ಅಡುಗೆಮನೆಯ ಪಾತ್ರೆಗಳ ಸದ್ದು ಜೋರಾಯಿತು. ಆಯಿ ಏನೂ ಮಾಡುತ್ತಿರಲಿಲ್ಲ ಎಂದಲ್ಲ. ಬೆಳಿಗ್ಗೆ ಕಾಯಿಪಲ್ಲೆ ಹೆಚ್ಚಿಕೊಡುತ್ತಿದ್ದಳು, ನನ್ನನ್ನು ಶಾಲೆಗೆ ಕಳಿಸುತ್ತಿದ್ದಳು. ಊಟದ ನಂತರದ ಹೊತ್ತು ಮಾತ್ರ ಅವಳದು. ಸಂಜೆ ದೀಪ ಹಚ್ಚುವವರೆಗೆ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸಂಜೆ ಅವ್ವ ಶಾಲೆಯಿಂದ ಬಂದವಳು ಹೊಸ್ತಿಲಲ್ಲೇ ಬ್ಯಾಗು ಇಳಿಸಿ ಪಡಸಾಲೆಯ ನಡುವೆ ನಿಂತಳು. ಹಾಸಿಗೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ನೂಲು ಸಾಲದೆ ಮಗ್ಗ ಬರಿಗೈಯಲ್ಲಿ ನಿಂತಿತ್ತು.

"ಅತ್ತಿ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದರ ಮ್ಯಾಲೆ ಒಂದರ ಅರಿವಿ ಬರ್ತದೇನ್ರಿ?"

"ಬರ್ತದ."

"ಯಾವಾಗ?"

"ಸೂಟಿ ಮುಗದು ಸಾಲಿ ಸುರು ಆಗೂದರಾಗ ಒಂದ ಚಾದರ ಇಳಸ್ತೀನಿ. ಇಳೀಲಿಲ್ಲಂದ್ರ ಮಗ್ಗ ಬಿಚ್ಚಿ ಅಟ್ಟಕ್ಕ ಹಾಕ್ತೀನಿ, ನಿನ್ನ ಒಲಿ ನಾ ಹಿಡೀತೀನಿ. ಇಳದ್ರ ಈ ಪಡಸಾಲ್ಯಾಗಿನ ಮಧ್ಯಾಹ್ನ ನಂದು. ಆ ಮ್ಯಾಲೆ ಯಾರೂ ಕೇಳಬಾರದು."

"ಆತ್ರಿ," ಎಂದಳು ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಅಂದು ಪಾತ್ರೆಗಳು ಸದ್ದು ಮಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಆಯಿ ಮಾತು ತಪ್ಪುವವಳಲ್ಲ. ಚಾದರ ಇಳಿಯದಿದ್ದರೆ ಅವಳು ನಿಜವಾಗಿಯೂ ಮಗ್ಗ ಬಿಚ್ಚುತ್ತಾಳೆ, ಚಾಪೆಯ ಮೇಲಿನ ನನ್ನ ಜಾಗವೂ ಅದರ ಜೊತೆ ಅಟ್ಟಕ್ಕೆ ಹೋಗುತ್ತದೆ.

ನೂಲು ಮಗ್ಗಕ್ಕೆ ಏರುವ ಮೊದಲು ಅದಕ್ಕೆ ಗಂಜಿ ಕುಡಿಸಬೇಕು. ಕುಡಿಸದಿದ್ದರೆ ಕೈನೂಲು ಮಗ್ಗದ ಎಳೆತಕ್ಕೆ ಪಿಸಿದು ಹೋಗುತ್ತದೆ. ಸೂಟಿಯ ಒಂದು ರವಿವಾರ ಬೆಳಿಗ್ಗೆ ಆಯಿ ಮತ್ತು ನಾನು ಬೇವಿನ ಗಿಡದಿಂದ ಗೇಟಿನ ಕಂಬದವರೆಗೆ ಹಾಸಿನ ಎಳೆಗಳನ್ನೆಲ್ಲ ಎಳೆದು ಕಟ್ಟಿದೆವು. ಇಡೀ ಚಳಿಗಾಲ ನೂತದ್ದು ಅಂಗಳದಲ್ಲಿ ಬಿಳಿಯ ಸೇತುವೆಯಂತೆ ಹಾಸಿತ್ತು. ಗಂಜಿ ಕಾಸಲು ಆಯಿ ಒಳಗೆ ಹೊರಟಾಗ ಅವ್ವ ಅಡ್ಡ ಬಂದಳು.

"ನೀವು ಅದರ ಹತ್ರ ಇರ್ರಿ ಅತ್ತಿ. ಗಂಜಿ ನಾ ಕಾಸಿ ತರ್ತೀನಿ. ಅದೇನ ದೊಡ್ಡ ಮಾತು."

ಪಂದ್ಯದ ಎದುರಿನವಳೇ ಕೈಜೋಡಿಸಲು ಬಂದಿದ್ದಳು. ಆಯಿಯ ಮುಖದಲ್ಲಿ ಆಶ್ಚರ್ಯ ಬಂದು ಹೋದದ್ದನ್ನು ನಾನು ಕಂಡೆ. ದೊಡ್ಡ ಬೋಗುಣಿಯ ತುಂಬ ಜೋಳದ ಹಿಟ್ಟಿನ ತಿಳಿಗಂಜಿ ಬಂತು. ಆಯಿ ಬಟ್ಟೆ ಅದ್ದಿ ಅದ್ದಿ ಎಳೆಗಳಿಗೆ ಸವರಿದಳು, ನಾನು ಹಿಂದಿನಿಂದ ಬ್ರಶ್ಶಿನಿಂದ ತಿಕ್ಕುತ್ತ ಅಂಟಿದ್ದನ್ನು ಬಿಡಿಸುತ್ತ ಹೋದೆ. ಬಿಸಿಲು ನೆತ್ತಿಗೆ ಬಂತು. ಒಣಗುವವರೆಗೆ ಉಂಡು ಬರೋಣವೆಂದು ಎಲ್ಲರೂ ಒಳಗೆ ಹೋದೆವು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಬಹಳ ದಿನಗಳ ಮೇಲೆ ಅತ್ತೆ ಸೊಸೆ ಊಟದಲ್ಲಿ ಒಂದೆರಡು ಮಾತಾಡಿದರು. ಹೊರಗಿನಿಂದ ಪಕ್ಕದ ಮನೆಯ ಖಾಲಾ ಕೂಗಿದ್ದು ಕೇಳಿಸಿತು.

"ಆಯೀ, ಜಲ್ದಿ ಬರ್ರಿ! ನಮ್ಮ ರಾಣಿ ನಿಮ್ಮ ದಾರ ತಿನ್ನಾಕತ್ತಾಳ!"

ರಾಣಿ ಖಾಲಾನ ಆಡು. ಅದು ಹಾಸಿನ ಒಂದು ಅಂಚಿನಲ್ಲಿ ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ನೆಕ್ಕುವುದು, ಅಗಿಯುವುದು, ಮತ್ತೆ ನೆಕ್ಕುವುದು. ಬಾಯಿಯಿಂದ ಬಿಳಿಯ ಎಳೆಗಳು ಗಡ್ಡದ ಹಾಗೆ ಇಳಿಬಿದ್ದಿದ್ದವು. ಖಾಲಾ ಅದರ ಕೊರಳು ಹಿಡಿದು ಎಳೆದರೂ ಅದು ತಿರುತಿರುಗಿ ಅಲ್ಲಿಗೇ ಬಾಯಿ ಚಾಚುತ್ತಿತ್ತು.

"ತೌಬಾ! ಮನ್ಯಾಗ ಹಸೀ ಮೇವು ಹಾಕೀನಿ ಆಯಿ, ಅದನ್ನ ಬಿಟ್ಟು ಇಲ್ಲಿಗಿ ಬಂದಾಳ. ಇದರಾಗ ಅಂಥಾದ್ದೇನ ಹಾಕೀರಿ?"

ಆಯಿ ಒಂದು ಎಳೆಯನ್ನು ಎತ್ತಿ ನಾಲಿಗೆಯ ತುದಿಗೆ ಮುಟ್ಟಿಸಿದಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ಶಾಂತಾ, ಉಪ್ಪ ಹಾಕೀಯೇನು?"

ಅವ್ವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಾಕೀನ್ರಿ. ಗಂಜಿಗಿ ಉಪ್ಪ ಹಾಕದ ಇರ್ತಾರೇನ್ರಿ?" ಎಂದಳು. ನಮ್ಮ ಕಡೆ ಜೋಳದ ಗಂಜಿ ಎಂದರೆ ಕುಡಿಯುವ ವಸ್ತು. ಹಿಟ್ಟು ನೀರಿಗೆ ಬಿದ್ದ ಕೂಡಲೇ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ; ಅದಕ್ಕೆ ತಲೆ ಬೇಕಾಗಿಲ್ಲ. ಹೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಕೈ ಬಾಯಿಗೆ ಹೋಯಿತು. ಅಲ್ಲಿದ್ದವರೆಲ್ಲರಿಗೂ ಪಂದ್ಯ ಗೊತ್ತಿತ್ತು. ಬೇಕೆಂದೇ ಹಾಕಿದಳೆಂದು ಅತ್ತೆ ತಿಳಿದಾಳೆಂಬ ಭಯ ಅವಳ ಕಣ್ಣಿನಲ್ಲಿ ಕಂಡಿತು. ಅಷ್ಟರಲ್ಲಿ ಅಪ್ಪ ಬಾಯಿ ತೆಗೆದ.

"ಹೋಗ್ಲಿ ಬಿಡ್ರಿ, ಒಂದೀಟ ದಾರ ಅಲ್ಲೇನು. ಬಜಾರದಾಗ ಬೇಕಾದಷ್ಟು ಸಿಗ್ತದ, ನಾಳೆ ತರ್ತೀನಿ."

"ನೀ ಸುಮ್ಮನಿರು," ಎಂದಳು ಆಯಿ.

"ನೀವು ಸುಮ್ಮನಿರ್ರಿ," ಎಂದಳು ಅವ್ವ.

ಎರಡೂ ಒಂದೇ ಉಸಿರಿನಲ್ಲಿ ಬಂದವು. ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಯಿಗೂ ನಗು ಬಂತು. ಅದು ಮೊದಲು ಹೊಟ್ಟೆಯಲ್ಲಿ ಕುಲುಕಿ ಆಮೇಲೆ ಮುಖಕ್ಕೆ ಬಂತು. "ಪುಣ್ಯಾಕ್ಕ ಜೀರಗಿ ಒಗ್ಗರಣಿ ಹಾಕಿಲ್ಲ," ಎಂದಳು. "ಹಾಕಿದ್ರ ಇಡೀ ಓಣಿ ಆಡು ಬರ್ತಿದ್ವು." ಅವ್ವ ನಗುವ ಬದಲು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಯಿ ಬೋಗುಣಿ ಎತ್ತಿ ಅವ್ವನ ಕೈಗೆ ಕೊಟ್ಟಳು.

"ಉಪ್ಪು ನೀರಾಗ ಬಿಡ್ತದ. ತೊಳದು ಮತ್ತ ಗಂಜಿ ಹಾಕೂಣು. ಹೋಗು, ಇನ್ನೊಂದ ಸಲ ಕಾಸು. ನೀನೇ ಕಾಸು."

ನೂಲನ್ನೆಲ್ಲ ಇಳಿಸಿ, ಸಡಿಲವಾದ ಜಡೆಯಂತೆ ಕಟ್ಟಿ, ನೀರಿನ ಟಾಕಿಯ ಹತ್ತಿರ ತೊಳೆದೆವು. ಎರಡನೆಯ ಗಂಜಿಯನ್ನು ತಂದ ಅವ್ವ ಅಭ್ಯಾಸದಿಂದ ಒಂದು ಹನಿ ಅಂಗೈಗೆ ಹಾಕಿ ನೆಕ್ಕಿ ಮುಖ ಕಿವುಚಿದಳು.

"ಭಾಳ ಸಪ್ಪನ ಅದರಿ ಅತ್ತಿ."

"ನೀ ಉಣ್ಣಾಕ ಅಲ್ಲವಾ. ಮಗ್ಗ ಉಣ್ಣಾಕ."

ಆಡು ಅಗಿದ ಕಡೆ ಎಳೆಗಳು ತುಂಡಾಗಿದ್ದವು. ಅವನ್ನು ಜೋಡಿಸದೆ ಹಾಸು ಮಗ್ಗಕ್ಕೆ ಏರುವಂತಿರಲಿಲ್ಲ. ಗಂಟು ಹಾಕಿದರೆ ಮಗ್ಗದ ಹಣಿಗೆಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಎರಡು ತುದಿ ಸೇರಿಸಿ ಹೊಸೆಯಬೇಕು. ಹತ್ತಿರದ ಸಣ್ಣ ಕೆಲಸಕ್ಕೆ ಆಯಿಯ ಕಣ್ಣು ಸಾಲುತ್ತಿರಲಿಲ್ಲ. ನನ್ನ ಬೆರಳಿಗೆ ಇನ್ನೂ ಹದ ಬಂದಿರಲಿಲ್ಲ. ನಾವಿಬ್ಬರೂ ಒಂದು ಎಳೆಯ ಜೊತೆ ಗುದ್ದಾಡುವುದನ್ನು ಅವ್ವ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಒಳಗೆ ಹೋಗಿ ಜಗಲಿಯ ಮೇಲಿನ ವಿಭೂತಿಯ ಬಟ್ಟಲು ತಂದು ಪಕ್ಕದಲ್ಲಿ ಕೂತಳು. ದೇವರ ಮುಂದೆ ಹಚ್ಚುವ ಬತ್ತಿಗಳನ್ನು ಅವಳು ವಿಭೂತಿ ಮುಟ್ಟಿದ ಬೆರಳಿನಿಂದಲೇ ಹೊಸೆಯುತ್ತಿದ್ದಳು. ವಿಭೂತಿ ಇದ್ದರೆ ಬೆರಳು ಜಾರುವುದಿಲ್ಲ. ಈಗಲೂ ಹಾಗೆಯೇ ಮಾಡಿದಳು. ತುಂಡಾದ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು, ಬೂದಿಯ ಬೆರಳಿನಲ್ಲಿ ಒಮ್ಮೆ ಹೊಸೆದು ಬಿಟ್ಟಳು. ಆಯಿ ಎಳೆದು ನೋಡಿದಳು. ಬಿಡಲಿಲ್ಲ.

"ಇದೆಲ್ಲಿ ಕಲ್ತಿ?"

"ನಮ್ಮವ್ವನ ಮನ್ಯಾಗ. ಶ್ರಾವಣದಾಗ ದಿನಾ ಬತ್ತಿ ಹೊಸೀಬೇಕಿತ್ರಿ. ಬ್ಯಾಸರ ಬರ್ತಿತ್ತು."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀವ್ಯಾವಾಗ ಕೇಳೀರಿ?"

ಮಧ್ಯಾಹ್ನದ ಹೊತ್ತು ಅವ್ವ ಒಲೆಯಿಂದ ದೂರ ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಾರನೆಯ ದಿನವೂ ಊಟವಾದ ಮೇಲೆ ಅವಳು ಬಟ್ಟಲು ಹಿಡಿದು ಬಂದಳು, ಅದರ ಮಾರನೆಯ ದಿನವೂ. ಸೂಟಿ ಮುಗಿಯುತ್ತ ಬಂದಾಗ ಹಾಸು ಮಗ್ಗಕ್ಕೆ ಏರಿತು. ಆಯಿಯ ಕೈಯಲ್ಲಿ ಲಾಳಿ ಅತ್ತಿಂದಿತ್ತ ಓಡತೊಡಗಿತು. ಉದ್ದನೆಯ ಪಟ್ಟಿ ನೇಯ್ದು, ತುಂಡು ಮಾಡಿ, ಪಕ್ಕಕ್ಕೆ ಪಕ್ಕ ಹೊಲಿದರೆ ಚಾದರ. ಎಷ್ಟು ನೇಯ್ದರೂ ಅದು ಸಾಲಲಿಲ್ಲ. ಶಾಲೆ ಸುರುವಾಗುವ ಹಿಂದಿನ ಸಂಜೆ ಅರಿವೆ ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದಿತ್ತು, ಅಷ್ಟೆ. ಆಯಿ ಲಾಳಿಯನ್ನು ಮಗ್ಗದ ಮೇಲಿಟ್ಟು ಅಂಗೈಯಿಂದ ಒಮ್ಮೆ ಅರಿವೆಯನ್ನು ಸವರಿ ಎದ್ದಳು. ಅಂದು ಅವಳು ನನ್ನ ಜೊತೆಯೂ ಮಾತಾಡಲಿಲ್ಲ, ಮತ್ತು ಆ ಮೌನ ನಮ್ಮ ಎಂದಿನದ್ದಲ್ಲ.

ಬೆಳಿಗ್ಗೆ ನಾನು ಎದ್ದಾಗ ಅಡುಗೆಮನೆಯಲ್ಲಿ ದೀಪವಿತ್ತು. ಒಲೆಯ ಮುಂದೆ ಆಯಿ ಹಿಟ್ಟು ನಾದುತ್ತ ಕೂತಿದ್ದಳು. ಕನ್ನಡಕಕ್ಕೆ ಹಿಟ್ಟು ಮೆತ್ತಿತ್ತು. ಅವ್ವ ಜಳಕ ಮಾಡಿ ಒದ್ದೆ ಕೂದಲಿನಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಏನ್ ಮಾಡಾಕತ್ತೀರಿ?"

"ಮಾತು ಮಾತೇ. ಇಳೀಲಿಲ್ಲ. ನಿನ್ನ ಗಂಡಗ ಹೇಳೀನಿ, ಸಂಜಿಕ ಮಗ್ಗ ಬಿಚ್ಚತಾನ."

ಅವ್ವ ಮುಂದೆ ಬಂದು ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಬಿಚ್ಚತಾರ ಅಂತ. ಅದರಾಗ ನಾ ಹೊಸದ ಎಳಿ ಎಷ್ಟವ ಗೊತ್ತದೇನ್ರಿ? ಅರ್ಧಕ್ಕ ಬಿಚ್ಚಿ ಅಟ್ಟಕ್ಕ ಹಾಕಾಕ ಅದು ನಿಮ್ಮೊಬ್ಬರದ ಅರಿವಿ ಅಲ್ಲ. ಏಳ್ರಿ."

"ಮತ್ತ ನಿನ್ನ ಒಲಿ?"

"ನನ್ನ ಒಲಿ ಅಂತ ಯಾರ ಬರದು ಕೊಟ್ಟಾರ? ಈ ಮನ್ಯಾಗ ಇನ್ನೊಬ್ಬರೂ ಉಣ್ತಾರಲ್ಲ." ಅವಳು ಪಡಸಾಲೆಯ ಕಡೆ ತಿರುಗಿ ದನಿ ಎತ್ತಿದಳು. "ಏನ್ರೀ, ಇಲ್ಲಿ ಬರ್ರಿ. ಕುಕ್ಕರ್ ಇಡೂದು ಕಲಸ್ತೀನಿ."

ಪೇಪರು ಮಡಚಿ ಹಿಡಿದುಕೊಂಡೇ ಅಪ್ಪ ಬಂದ. ಕುಕ್ಕರಿನ ಸಿಳ್ಳೆಗೆ ಅವನು ಬೆಚ್ಚಿಬೀಳುವುದು ನಿಲ್ಲಲು ಮಳೆಗಾಲ ಮುಗಿಯಬೇಕಾಯಿತು. ಬೇಳೆಗೆ ನೀರು ಹೆಚ್ಚು ಹಾಕುತ್ತಿದ್ದ, ಕೆಲವು ದಿನ ಅನ್ನ ತಳ ಹತ್ತುತ್ತಿತ್ತು; ಉಂಡೆವು. ಚಾದರ ಇಳಿದದ್ದು ಶ್ರಾವಣದ ನಡುವೆ. ಆಯಿ ಅದನ್ನು ಮಡಚಿ ಅವ್ವನ ತೊಡೆಯ ಮೇಲಿಟ್ಟಳು. ಅವ್ವ ಅಂಚನ್ನು ಬೆಳಕಿಗೆ ಹಿಡಿದು ತಾನು ಹೊಸೆದ ಎಳೆಗಳನ್ನು ಹುಡುಕಿದಳು. ಮುಟ್ಟಿದರೆ ಅಲ್ಲಿ ಸ್ವಲ್ಪ ದಪ್ಪ, ಕಣ್ಣಿಗೆ ಏನೂ ಕಾಣದು. ಮುಂದಿನ ಹಾಸಿನ ನೂಲಿಗೆ ಗಂಜಿ ಕುಡಿಸುವ ದಿನ ರವಿವಾರವೇ ಇರಲಿ ಎಂದಷ್ಟೇ ಹೇಳಿದಳು. ರವಿವಾರ ಅವಳಿಗೆ ಶಾಲೆ ಇರುವುದಿಲ್ಲ.

ಆ ಮನೆಯಲ್ಲಿ ನಾನು ಓದಿದೆ, ವಿಶ್ವವಿದ್ಯಾಲಯಕ್ಕೆ ನಡೆದುಕೊಂಡು ಹೋಗಿ ಬಂದೆ. ಮುಂದೆ ಬೇರೆ ಊರಿನ ಹಾಸ್ಟೆಲಿನಲ್ಲಾಗಲಿ, ಕೆಲಸದ ಜಾಗದಲ್ಲಾಗಲಿ ನನ್ನ ಬಾಗಿಲು ಮುಚ್ಚಿಕೊಂಡು ನನ್ನ ಕೆಲಸ ಮಾಡುವಾಗ ನನಗೆ ಯಾವತ್ತೂ ಅಳುಕು ಬಂದಿಲ್ಲ. ಒಬ್ಬ ಹೆಂಗಸಿನ ಮಧ್ಯಾಹ್ನ ಅವಳದೇ ಎಂಬುದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಲಿಲ್ಲ. ಬೇವಿನ ಗಿಡ ಈಗಲೂ ಇದೆ, ತೊಗರಿ ಹೊಲದಲ್ಲಿ ಮನೆಗಳಿವೆ. ಅವ್ವ ಈ ವರ್ಷ ನಿವೃತ್ತಳಾದಳು. ಅವಳಿಗೂ ಶಾಲು, ತೆಂಗಿನಕಾಯಿ ಬಂದವು. ಇನ್ನು ನನ್ನ ಹತ್ತಿರ ಬಂದಿದ್ದು ಮನೆ ನೋಡಿಕೊಳ್ಳಲಿ ಎಂದು ಬಂಧುಗಳು ಹೇಳಿದರು. ಸುಳ್ಳೇಕೆ, ನನಗೂ ಹಾಗೆ ಅನ್ನಿಸಿತ್ತು. ಅದನ್ನು ಕೇಳೋಣವೆಂದೇ ಹೋದ ರವಿವಾರ ಊರಿಗೆ ಹೋದೆ. ಮಗ್ಗದಲ್ಲಿ ಅವ್ವ ಕೂತಿದ್ದಳು, ಕನ್ನಡಕ ಮೂಗಿನ ತುದಿಯಲ್ಲಿ. ಪಕ್ಕದ ಚಾಪೆಯ ಮೇಲೆ ಆಯಿ. ಅವಳಿಗೆ ಈಗ ಕಣ್ಣು ಮಬ್ಬು, ಟೊಪ್ಪಿಗೆಗಳನ್ನು ಬೆರಳಿನ ನೆನಪಿನಲ್ಲೇ ಹೆಣೆಯುತ್ತಾಳೆ. ನಾನು ಬ್ಯಾಗು ಇಳಿಸುವ ಮೊದಲೇ ಅವ್ವ ಹೇಳಿದಳು:

"ಛಲೋ ಆತು ಬಂದಿ. ಅಂಗಳದಾಗ ಹಾಸು ಕಟ್ಟೀನಿ. ಒಂದ ಬೋಗುಣಿ ಗಂಜಿ ಕಾಸಿ ತಾ."

ಕೇಳಬೇಕೆಂದದ್ದನ್ನು ನಾನು ಕೇಳಲಿಲ್ಲ. ಒಳಗೆ ಹೋಗಿ ನೀರಿಟ್ಟೆ, ಹಿಟ್ಟು ಕಲಸಿ ಬಿಟ್ಟೆ, ಸೌಟು ತಿರುಗಿಸಿದೆ. ಗಂಜಿ ಕುದಿಯತೊಡಗಿತು. ಎಡಗೈ ತಾನಾಗಿಯೇ ಮೇಲಿನ ಸಾಲಿಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆಯಿತು. ಆ ಮುಚ್ಚಳದ ಸದ್ದು ಪಡಸಾಲೆಗೆ ಕೇಳಿಸಿತ್ತು.

"ಉಪ್ಪ!" ಎಂದರು ಇಬ್ಬರೂ, ಒಂದೇ ಉಸಿರಿನಲ್ಲಿ.

ನಾನು ಮುಚ್ಚಳ ಹಾಕಿದೆ.